ಒಂದು ಬೆರಳಿನಷ್ಟು

ಕತೆಯ ಪುಸ್ತಕವನ್ನು ಎದೆಗೊತ್ತಿ ಹಿಡಿದುಕೊಂಡು ಉಮಾವತಿ ಎರಡು ಬಾಗಿಲುಗಳ ನಡುವೆ ನಿಂತಿದ್ದಳು. ಹಿಂದಿನದು ತನ್ನ ಮನೆಯದು, ಮುಂದಿನದು ಸುಬೈದಾಳದು, ಮಧ್ಯೆ ನಾಲ್ಕು ಹೆಜ್ಜೆಯ ಓಣಿ. ದೋಹಾದ ಅಲ್ ಗರಾಫಾದಲ್ಲಿರುವ ಈ ಕಟ್ಟಡಕ್ಕೆ ಬಂದು ಏಳು ವರ್ಷವಾಯಿತು. ಒಗ್ಗರಣೆಗೆ ಕರಿಬೇವು ಬೇಕೆಂದು, ಗ್ಯಾಸ್ ಮುಗಿಯಿತೆಂದು, ಏನೂ ನೆಪವಿಲ್ಲದಿದ್ದರೆ ಸುಮ್ಮನೆ ಮುಖ ನೋಡಿ ಬರೋಣವೆಂದು ದಿನಕ್ಕೆ ಹತ್ತಿಪ್ಪತ್ತು ಸಲ ದಾಟಿದ ಓಣಿ ಅದು. ಎಷ್ಟು ಹೆಜ್ಜೆ ಎಂದು ಎಣಿಸಿದ್ದು ಮಾತ್ರ ಈ ಒಂದೂವರೆ ತಿಂಗಳಲ್ಲಿ, ಊರಿಂದ ಬಂದ ಮೇಲೆ. ಶುಕ್ರವಾರದ ಮಧ್ಯಾಹ್ನ. ಜುಮಾ ನಮಾಜು ಮುಗಿಸಿ, ಉಂಡು, ಸುಬೈದಾಳ ಗಂಡ ಮೊಯ್ದಿನ್ ತನ್ನ ಪಿಕಪ್ಪಿನಲ್ಲಿ ಉಮಾವತಿಯ ಗಂಡ ಬೋಜನನ್ನೂ ಕೂರಿಸಿಕೊಂಡು ಮೀನಿಗೆ ಗಾಳ ಹಾಕಲು ಉತ್ತರದ ಕಡಲತೀರಕ್ಕೆ, ಅಲ್ ಶಮಾಲಿನ ಕಡೆ ಹೋಗಿಯಾಗಿತ್ತು. ಗಂಡಸರಿಗೆ ಅಷ್ಟು ದೂರ ಹೋಗಲಿಕ್ಕಾದರೂ ಒಂದು ದಾರಿ ಉಂಟಲ್ಲ ಎಂದುಕೊಂಡಳು. ತನಗಿರುವುದು ನಾಲ್ಕು ಹೆಜ್ಜೆ, ಅದರಲ್ಲಿ ಎರಡು ಈಗಾಗಲೇ ಮುಗಿದಿದ್ದವು.

"ಬಂದಿರಾ ಉಮಕ್ಕ? ಮಕ್ಕಳು ನನ್ನ ಜೀವ ತಿಂತಿದ್ದಾವೆ ಇಲ್ಲಿ," ಸುಬೈದಾಳ ದನಿ ತೆರೆದ ಬಾಗಿಲಿಂದ ಬಂತು. "ಅಬೂಬಕರ್ ಕಾಕ ನಾಲ್ಕೂವರೆಗೆ ಬರ್ತಾರಂತೆ. ಅಷ್ಟರೊಳಗೆ ಕ್ಯಾಸೆಟ್ ಮುಗಿಸಬೇಕು."

ಅಬೂಬಕರ್ ಕೆಳಗಿನ ಮಾಳಿಗೆಯವರು. ನಾಳೆ ಬೆಳಗಿನ ವಿಮಾನಕ್ಕೆ ಊರಿಗೆ ಹೊರಟಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಕಾಗದ, ಕ್ಯಾಸೆಟ್, ಅತ್ತರಿನ ಬಾಟಲಿ ಕಳಿಸುವುದು, ಊರಿಂದ ಬರುವವರ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿ, ಒಣಮೀನು ತರಿಸುವುದು: ಈ ಕಟ್ಟಡದಲ್ಲಿ ಅದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹೊರಡುವ ಹಿಂದಿನ ದಿನ ಬಾಗಿಲು ತಟ್ಟಿ, "ಸ್ವಲ್ಪವೇ ಉಂಟು ಮಾರಾಯ್ರೇ, ಭಾರ ಇಲ್ಲ," ಎಂದು ಕೈಗಿಡುವುದು, ಪಡೆದವರು ಮುಖ ಸಣ್ಣದು ಮಾಡದೆ ಪೆಟ್ಟಿಗೆಯಲ್ಲಿ ಜಾಗ ಮಾಡುವುದು. ನಿನ್ನೆ ಸುಬೈದಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದ್ದಳು: "ಊರಲ್ಲಿ ಉಮ್ಮನಿಗೆ ಒಂದು ಕ್ಯಾಸೆಟ್ ಕಳಿಸ್ತೇನೆ. ನೀವು ಮಕ್ಕಳಿಗೆ ಹೇಳುವ ಕತೆ ಅದರಲ್ಲಿ ಇರಲಿ, ಮೊಮ್ಮಗ ಫಾಯಿಝನ ದನಿಯೂ ಕೇಳ್ತದೆ. ಕೊನೆಗೆ ನೀವೇ ಎರಡು ಮಾತು ಹೇಳಬೇಕು, ಅವರು ಕಳಿಸಿದ ಬಾಣಂತಿ ಲೇಹ ತಲುಪಿತು, ಸುಬೈದಾ ದಿನಾ ತಿಂತಾಳೆ ಅಂತ. ನಾನು ಹೇಳಿದ್ರೆ ಆಗುವುದಿಲ್ಲ. ನಾನು ಸುಳ್ಳು ಹೇಳಿದ್ರೆ ಉಮ್ಮನಿಗೆ ದನಿಯಲ್ಲೇ ಗೊತ್ತಾಗ್ತದೆ." ಉಮಾವತಿ ಆಗಲಿ ಎಂದಿದ್ದಳು. ಬೇರೆ ಯಾವ ಮಾತೂ ಬಾಯಿಗೆ ಸಿಕ್ಕಿರಲಿಲ್ಲ. ತಾನು ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಅರ್ಥ ಆ ಮಾತಿಗಿದೆಯೆಂದು ಸುಬೈದಾ ಯೋಚಿಸಿಯೇ ಇರಲಿಕ್ಕಿಲ್ಲ. ಆದರೆ ಉಮಾವತಿ ರಾತ್ರಿಯಿಡೀ ಅದನ್ನೇ ಮಗುಚಿ ಮಗುಚಿ ನೋಡಿದ್ದಳು.

ಕೋಣೆಯಲ್ಲಿ ಪರದೆ ಎಳೆದಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಎ.ಸಿ.ಯ ಬಾಯಿಗೆ ಹಳೇ ಟವೆಲ್ ಸಿಕ್ಕಿಸಿದ್ದರಿಂದ ಅದು ಮೂಗು ಕಟ್ಟಿದವರ ಹಾಗೆ ಉಸಿರಾಡುತ್ತಿತ್ತು. ಬೆಳ್ಳುಳ್ಳಿಯ ವಾಸನೆ, ಸಾಂಬ್ರಾಣಿಯ ವಾಸನೆ, ಹುಳಿಹಾಲಿನ ವಾಸನೆ. ಗೋಡೆಯ ಬದಿಯ ಕಪಾಟಿನ ಮೇಲೆ ಹಾಲಿನ ಪುಡಿಯ ಡಬ್ಬಗಳು ಒಂದರ ಮೇಲೊಂದು ಏರಿದ್ದವು. ಕಳೆದ ವಾರ ಎರಡಿತ್ತು, ಈಗ ಐದು. ಮಗುವಿಗೆ ಇಪ್ಪತ್ತೆರಡು ದಿನ. ಸುಬೈದಾಳಿಗೆ ಹಾಲು ಸಾಲುತ್ತಿರಲಿಲ್ಲ. "ಮಾಫಿ ಹಾಲು," ಎಂದು, ಇಲ್ಲ ಎನ್ನುವುದಕ್ಕೆ ಇಲ್ಲಿಯ ಅರಬಿ ಮಾತು ಸೇರಿಸಿ, ಅವಳು ತಮಾಷೆ ಮಾಡುತ್ತಿದ್ದಳು. ಮೊದಲಿನ ಬಾಣಂತನದಲ್ಲಿ ಊರಲ್ಲೇ ಇದ್ದೆ, ಫಾಯಿಝ್ ಕುಡಿದು ಮಿಕ್ಕಿ ರವಿಕೆಯೆಲ್ಲ ಒದ್ದೆಯಾಗುತ್ತಿತ್ತು, ಅದೆಲ್ಲ ಉಮ್ಮನ ಲೇಹದ ಮಹಿಮೆ ಎನ್ನುತ್ತಿದ್ದಳು. ಎಂದ ಕೂಡಲೇ ಉಮಾವತಿಯ ಮುಖ ನೋಡಿ, "ನೀವೆಂತ ಮಾಡ್ಲಿಕ್ಕಾಗ್ತದೆ ಉಮಕ್ಕ, ಏರ್‌ಪೋರ್ಟಿನವರು ಲೇಹ ತೆಗೆಸಿದ್ರೆ? ಅದನ್ನೇ ನೆನೆಸಿಕೊಂಡು ಕೂರಬೇಡಿ," ಎಂದು ಸಮಾಧಾನವನ್ನೂ ಹೇಳುತ್ತಿದ್ದಳು. ಲೇಹ ಕಳಕೊಂಡವಳಿಂದ ಸಮಾಧಾನ ಹೇಳಿಸಿಕೊಳ್ಳುವುದು ಎಂಥ ಹಿಂಸೆಯೆಂದು ಉಮಾವತಿಗೆ ಅದುವರೆಗೆ ಗೊತ್ತಿರಲಿಲ್ಲ. ಡಾಕ್ಟರು ಹಾಲಿಗೂ ಲೇಹಕ್ಕೂ ಸಂಬಂಧವಿಲ್ಲ ಎಂದಿದ್ದರು. ಡಾಕ್ಟರ ಮಾತನ್ನು ಉಮಾವತಿ ಬೆಳಿಗ್ಗೆ ನಂಬುತ್ತಿದ್ದಳು, ಮಧ್ಯಾಹ್ನ ಈ ಕೋಣೆಗೆ ಬಂದು ಡಬ್ಬಗಳನ್ನು ನೋಡಿದ ಕೂಡಲೇ ನಂಬಿಕೆ ಹೋಗುತ್ತಿತ್ತು.

ಆ ಲೇಹವನ್ನು ಸುಬೈದಾಳ ಉಮ್ಮ ಝುಲೈಖಮ್ಮ ತಾನೇ ಹೊತ್ತು ತಂದಿದ್ದರು. ಜೋಕಟ್ಟೆಯಿಂದ ಬಸ್ಸು ಹತ್ತಿ ಸುರತ್ಕಲ್ಲಿಗೆ, ಅಲ್ಲಿಂದ ನಡೆದು ಉಮಾವತಿಯ ಅಣ್ಣನ ಮನೆಗೆ. ಹಿಡಿಕೆಯಿರುವ ಸ್ಟೀಲಿನ ತೂಕುಪಾತ್ರೆ, ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ ಒಣಗಿಸಿದ್ದು, ಅದರ ಮೇಲೆ ಬಿಳಿ ಬಟ್ಟೆಯ ಹೊಲಿಗೆ, ಬಟ್ಟೆಯ ಮೇಲೆ ಯಾರದೋ ಕೈಯಿಂದ ಬರೆಸಿದ ಸುಬೈದಾ ಎಂಬ ಹೆಸರು. ಜಗಲಿಯಲ್ಲಿ ಕೂತು ನೀರು ಕುಡಿದು, "ಇಡೀ ಒಂದು ದಿನ ಮಗುಚಿದ್ದೇನೆ ಮಗಳೇ, ತೋಳು ಈಗಲೂ ನೋಯ್ತದೆ. ನಾಲ್ಕು ವರ್ಷ ಆಯ್ತು ಅವಳ ಮುಖ ನೋಡದೆ. ಕೈಯಿಂದ ತಿನ್ನಿಸಲಿಕ್ಕಂತೂ ಇಲ್ಲ," ಎಂದಿದ್ದರು. ಮೊಯ್ದಿನನ ಕಂಪೆನಿ ಕೈ ಬದಲಾದಂದಿನಿಂದ ಆ ಮನೆಯವರ ಪಾಸ್‌ಪೋರ್ಟುಗಳೆಲ್ಲ ವೀಸಾ ಕೊಟ್ಟ ಧಣಿಯ, ಆ ಕಫೀಲನ, ಕಪಾಟಿನೊಳಗೇ ಇದ್ದವು. ಮುದುಕಿ ಪಾತ್ರೆಯನ್ನು ಕೊಡುವಾಗ ಎರಡೂ ಕೈಯಿಂದ ಕೊಟ್ಟರು. ಉಮಾವತಿ ಎರಡೂ ಕೈಯಿಂದ ತೆಗೆದುಕೊಂಡಳು. ಒಂದು ಕ್ಷಣ ನಾಲ್ಕೂ ಕೈಗಳು ಪಾತ್ರೆಯ ಮೇಲೆಯೇ ಇದ್ದವು.

"ಅಮ್ಮಾ, ಸ್ಟಾರ್ಟ್ ಮಾಡು," ಎಂದ ಕೃತಿಕ್. ಅವಳ ಮಗ, ಹತ್ತು ವರ್ಷದವನು, ಟೂ-ಇನ್-ವನ್ ರೇಡಿಯೋದ ಮುಂದೆ ಎಂಜಿನಿಯರನ ಗತ್ತಿನಲ್ಲಿ ಕೂತಿದ್ದ. ಪಕ್ಕದಲ್ಲಿ ಆರು ವರ್ಷದ ತಂಗಿ ಗ್ರೀಷ್ಮಾ, ಆಚೆ ಸುಬೈದಾಳ ಮಗ ಫಾಯಿಝ್, ಎಂಟರವನು. ಕೆಂಪು ದೀಪ ಹೊತ್ತಿತು. ಉಮಾವತಿ ಪುಸ್ತಕ ತೆರೆದಳು.

ಮೂರನೇ ಮಾಳಿಗೆಯ ನರ್ಸ್ ಹೇಜಲ್ ಕೆಲಸ ಬಿಟ್ಟು ಹೋಗುವಾಗ ಕೊಟ್ಟುಹೋದ ಪುಸ್ತಕ ಅದು, ರಟ್ಟು ಹರಿದದ್ದು, ಇಂಗ್ಲಿಷಿನಲ್ಲಿದ್ದ ಚೀನಾದ ಜನಪದ ಕತೆಗಳು. ಉಮಾವತಿ ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮಾಧ್ಯಮ. ಡಿಕ್ಷನರಿ ಇಟ್ಟುಕೊಂಡು ವಾರಕ್ಕೊಂದು ಕತೆ ಬಿಡಿಸಿ, ಶುಕ್ರವಾರ ಕಟ್ಟಡದ ಮಕ್ಕಳಿಗೆ ಹೇಳುತ್ತಿದ್ದಳು. ಕತೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಕೊನೆಯ ಬೋರೆಹಣ್ಣನ್ನು ಕೊಕ್ಕರೆಗೆ ಕೊಟ್ಟ ಮುದುಕಿಗೆ ಕೊಕ್ಕರೆ ಮುತ್ತು ತಂದುಕೊಡುತ್ತದೆ. ಬೆಂಕಿ ಕೇಳಲು ಬಂದವನನ್ನು ಹೊರಗೆ ದಬ್ಬಿದವನ ಒಲೆ ಮತ್ತೆಂದೂ ಹೊತ್ತುವುದಿಲ್ಲ. ಪ್ರತಿ ಕತೆಯ ಕೆಳಗೂ ಓರೆ ಅಕ್ಷರದಲ್ಲಿ ಅದರ ಪಾಠ, ಉದಾರವಾಗಿರಬೇಕು, ಹಂಚಿಕೊಳ್ಳಬೇಕು. ಉಮಾವತಿ ಆ ಪಾಠವನ್ನು ತುಸು ಎಳೆದು, ರಾಗ ಮಾಡಿ ಹೇಳುತ್ತಿದ್ದಳು. ಹೆಂಗಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಊರಿಂದ ತಂದ ಎಂಟು ಕಿಲೋ ಕುಚ್ಚಲಕ್ಕಿಯಲ್ಲಿ ಅರ್ಧವನ್ನು ಅವಳು ಸುಬೈದಾಳ ಗಂಜಿಗೆಂದು ಕೊಟ್ಟಾಗ ಇಡೀ ಕಟ್ಟಡ, ಉಮಾವತಿ ಕತೆ ಹೇಳುವುದು ಮಾತ್ರ ಅಲ್ಲ, ಹಾಗೇ ಬದುಕುತ್ತಾಳೆ ಎಂದಿತು. ಬೋಜ ಕೂಡ ಹೆಮ್ಮೆಯಿಂದ, "ನಮ್ಮವಳ ಕೈ ಸ್ವಲ್ಪ ದೊಡ್ಡದೇ," ಎಂದ. ಪುಸ್ತಕದಲ್ಲಿ ತಪ್ಪು ಮಾಡಿದವರಿಗೆ ಮೂರು ದಿನದೊಳಗೆ ಏನಾದರೂ ಆಗುತ್ತಿತ್ತು. ಹೊಟ್ಟೆನೋವು, ಬೆಂಕಿ, ಮೂಗು ಉದ್ದವಾಗುವುದು. ಉಮಾವತಿಗೆ ನಲವತ್ತೈದು ದಿನವಾಯಿತು, ಏನೂ ಆಗಿರಲಿಲ್ಲ. ಹೊಗಳಿಕೆ ಮಾತ್ರ ಬಂದಿತ್ತು.

"ಚೀನಾ ದೇಶದಲ್ಲಿ, ಹಳದಿ ನೀರಿನ ಒಂದು ಹೊಳೆಯ ಬದಿಯಲ್ಲಿ, ಇಬ್ಬರು ಹೆಂಗಸರಿದ್ದರು," ಎಂದು ಶುರುಮಾಡಿದಳು. "ಮನೆಗಳು ಎದುರುಬದುರು."

"ನಿಮ್ಮ ಮತ್ತು ನನ್ನ ಉಮ್ಮನ ಹಾಗೆ?" ಫಾಯಿಝ್ ಕೇಳಿದ.

"ಹೂಂ. ಹಾಗೇ ಅಂತಿಟ್ಟುಕೊ. ಒಬ್ಬಳಿಗೆ ಎಲ್ಲ ಇತ್ತು. ಇನ್ನೊಬ್ಬಳ ಹತ್ತಿರ ಒಂದು ಹಿಡಿ ನವಣೆ. ಒಂದು ಸಂಜೆ ಒಬ್ಬ ದಾರಿಹೋಕ ಬಂದ, ಹಸಿವು ಅಂದ. ಬಡವಿ ಆ ಒಂದು ಹಿಡಿಯನ್ನೇ ಗಂಜಿ ಮಾಡಿ ಬಡಿಸಿದಳು. ಹೋಗುವಾಗ ಅವನು ಒಂದು ಮರದ ಸೌಟು ಕೊಟ್ಟ. ಈ ಸೌಟಿನಲ್ಲಿ ಕಲಕಿದರೆ ಇಡೀ ಓಣಿಯವರು ಉಣ್ಣುವವರೆಗೆ ಮಡಕೆ ಬರಿದಾಗುವುದಿಲ್ಲ."

ಹೇಳುತ್ತಿದ್ದುದು ಅವಳ ಬಾಯಿ. ಕಣ್ಣು ಕೆಂಪು ದೀಪದ ಮೇಲಿತ್ತು. ಆ ದೀಪ ಎಲ್ಲವನ್ನೂ ಕುಡಿಯುತ್ತಿದೆ, ಎ.ಸಿ.ಯ ಉಬ್ಬಸವನ್ನೂ, ಮಗು ನಿದ್ದೆಯಲ್ಲಿ ಚೀಪುವ ಚಪ್ಪರಿಕೆಯನ್ನೂ, ತನ್ನ ಗಂಟಲಲ್ಲಿ ಉಗುಳು ಇಳಿಯುವ ಸದ್ದನ್ನೂ. ನಾಡಿದ್ದು ಜೋಕಟ್ಟೆಯ ಒಂದು ಮನೆಯ ಚಾವಡಿಯಲ್ಲಿ ಮುದುಕಿ ಕಿವಿಯನ್ನು ರೇಡಿಯೋದ ಜಾಲರಿಗೆ ಒತ್ತಿ ಕೂರುತ್ತಾರೆ. ಮಗಳ ಸುಳ್ಳು ದನಿಯಲ್ಲೇ ಗೊತ್ತಾಗುವ ಕಿವಿ ಅದು, ನೆರೆಯವಳದು ಗೊತ್ತಾಗದೇ ಇರುತ್ತದೆಯೆ? ಊರಿಂದ ಬರುವಾಗ ಬೊಂಬಾಯಿ ಏರ್‌ಪೋರ್ಟಿನಲ್ಲಿ ಆ ಕೌಂಟರಿನವನು ತಲೆಯೆತ್ತದೆ, "ತೀನ್ ಕಿಲೋ ಜಾಸ್ತಿ ಹೈ," ಎಂದಿದ್ದ. ಹಿಂದೆ ಸಾಲು. ಯಾರೋ ನಾಲಿಗೆ ಲೊಚಗುಟ್ಟಿದರು. ಪೆಟ್ಟಿಗೆಯನ್ನು ನೆಲದ ಮೇಲೆಳೆದು, ಕುಕ್ಕರುಗಾಲಿನಲ್ಲಿ ಕೂತು, ಎಲ್ಲರ ಚಪ್ಪಲಿಗಳ ನಡುವೆ ಝಿಪ್ಪು ಬಿಚ್ಚಿದಾಗ ಒಳಲಂಗದ ಅಂಚು, ಹಳೇ ಟವೆಲು, ಹುಣಸೆಹಣ್ಣಿನ ಉಂಡೆ ಎಲ್ಲ ಹೊರಬಿದ್ದು ಮುಖ ಬೆಂಕಿಯಾಗಿತ್ತು. ಪಾತ್ರೆ ಮೇಲೆಯೇ ಇತ್ತು. ಕೈಗೆ ಮೊದಲು ಸಿಕ್ಕಿದ್ದು ಅದು. ತೆಗೆದಿಟ್ಟಳು. ಈ ಒಂದೂವರೆ ತಿಂಗಳಲ್ಲಿ ಅವಳು ತನಗೇ ಸಾವಿರ ಸಲ ಹೇಳಿಕೊಂಡದ್ದು ಹೀಗೆಯೇ: ಮೇಲೆಯೇ ಇತ್ತು, ಕೈಗೆ ಸಿಕ್ಕಿತು.

"ಆಮೇಲೆ ಆಂಟಿ?"

"ಆಮೇಲೆ ಸಿರಿವಂತೆ ಬಂದು, ಒಂದು ದಿನದ ಮಟ್ಟಿಗೆ ಸೌಟು ಕೊಡು ಅಂದಳು. ಬಡವಿ ಕೊಟ್ಟಳು. ಸಿರಿವಂತೆ ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ಯಾರೂ ಬರಬಾರದು ನೋಡಿ, ಮಡಕೆಯಲ್ಲಿ ಸೌಟು ಆಡಿಸಿದಳು. ಬಂದದ್ದು ಗಂಜಿ ಅಲ್ಲ. ಒಂದು ಚಪ್ಪಲಿ ಬಂತು. ಯಾವತ್ತೋ ಒಬ್ಬ ಹುಡುಗಿ ಕಾಲು ಒಡೆದಿದೆ ಅಂತ ಕೇಳಲು ಬಂದಾಗ ಇವಳು ಇಲ್ಲ ಅಂದಿದ್ದ ಚಪ್ಪಲಿ. ಆಮೇಲೆ ಒಂದು ಕಂಬಳಿ. ಅದನ್ನೂ ಯಾರೋ ಕೇಳಿದ್ದರು, ಇಲ್ಲ ಅಂದಿದ್ದಳು. ಉಪ್ಪು, ಎಣ್ಣೆ, ಮದ್ದು. ಯಾರ್ಯಾರಿಗೆ ಏನೇನು ಇಲ್ಲ ಅಂದಿದ್ದಳೋ ಅದೆಲ್ಲ ಉಕ್ಕಿ ಉಕ್ಕಿ ಬಂತು. ಸೌಟು ಕೈಬಿಟ್ಟರೂ ನಿಲ್ಲುವುದಿಲ್ಲ. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಸಾಮಾನಿನ ಭಾರಕ್ಕೆ ತೆರೆಯುವುದೇ ಇಲ್ಲ."

"ಅವಳಿಗೆ ಸೂಸು ಬಂದ್ರೆ ಎಂತ ಮಾಡ್ತಾಳೆ?" ಗ್ರೀಷ್ಮಾ ಗಂಭೀರವಾಗಿ ಕೇಳಿದಳು.

ಸುಬೈದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನನ್ನು ನಗಿಸಬೇಡಿ ಮಕ್ಕಳೇ, ಹೊಲಿಗೆ ಎಳೀತದೆ." ಆ ನಗುವೂ ಕ್ಯಾಸೆಟಿನೊಳಗೆ ಹೋಯಿತು. ಉಮಾವತಿಗೂ ನಗು ಬಂತು, ಬಂದ ಕೂಡಲೇ ಇಷ್ಟು ಸುಲಭವಾಗಿ ನಗುತ್ತೇನಲ್ಲ ಎಂದು ಹೆದರಿಕೆಯಾಯಿತು. ಈ ಹೆಂಗಸಿನ ಮುಂದೆ ದಿನಾ ಕೂತು, ಅವಳ ಮಗುವಿಗೆ ಎಣ್ಣೆ ಹಚ್ಚಿ, ಅವಳ ಬೆನ್ನಿಗೆ ಬಿಸಿನೀರು ಹೊಯ್ದು, ಅವಳಿಂದ ನೀವು ನನ್ನ ಸ್ವಂತ ಅಕ್ಕನ ಹಾಗೆ ಎನ್ನಿಸಿಕೊಂಡು ಮನೆಗೆ ಹೋಗಿ ನಿದ್ದೆ ಮಾಡುವುದು ತನಗೆ ಅಭ್ಯಾಸವಾಗಿಬಿಟ್ಟಿತಲ್ಲ. ಹೇಳಿಬಿಟ್ಟರೆ ಏನಾಗುತ್ತದೆ? ಎದುರಿನ ಬಾಗಿಲು ಮುಚ್ಚುತ್ತದೆ. ಕರಿಬೇವಿಲ್ಲ, ಮಾತಿಲ್ಲ. ಬೋಜ ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ರಾತ್ರಿ. ನಾಲ್ಕು ಗೋಡೆ, ಒಂದು ಟಿ.ವಿ., ಕಿಟಕಿಯಾಚೆ ನೀರಿನ ಟ್ಯಾಂಕಿನ ಬೆನ್ನು. ಈ ದೇಶದಲ್ಲಿ ಅವಳಿಗೆ ಇದ್ದದ್ದು ಆ ಎದುರಿನ ಬಾಗಿಲು ಒಂದೇ.

"ಕೊನೆಗೆ ಕುತ್ತಿಗೆಯವರೆಗೆ ಬಂತು," ಎಂದಳು. "ಮೇಲೊಂದು ಸಣ್ಣ ಬೆಳಕಿಂಡಿ. ಅದಕ್ಕೆ ಬಾಯಿ ಇಟ್ಟು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. ನಿನ್ನ ಚಪ್ಪಲಿ ತಕೋ, ನಿನ್ನ ಕಂಬಳಿ ತಕೋ. ಜನ ಬಂದು ಕಿಂಡಿಯಿಂದ ಅವರವರದ್ದು ಎಳಕೊಂಡು ಹೋದರು. ಮನೆ ಖಾಲಿಯಾಯಿತು. ಅವಳಿಗೆ ಉಸಿರು ಬಂತು. ಸೌಟನ್ನು ಬಡವಿಗೆ ವಾಪಸು ಕೊಟ್ಟಳು. ಅಲ್ಲಿಂದ ಮೇಲೆ ಎಲ್ಲರ ಜೊತೆ ಹಂಚಿಕೊಂಡು ಸುಖವಾಗಿದ್ದಳು. ಹಂಚಿಕೊಳ್ಳಬೇಕು ಅನ್ನುವುದು ಈ ಕತೆಯ ಪಾಠ."

ಎಳೆದು ಹೇಳಲಿಲ್ಲ, ರಾಗ ಮಾಡಲಿಲ್ಲ. ಕೃತಿಕ್ ಬಟನ್ ಒತ್ತಲು ಕೈ ಚಾಚಿದ.

"ಆದ್ರೆ ಆಂಟಿ," ಫಾಯಿಝ್ ಹುಬ್ಬು ಗಂಟಿಕ್ಕಿದ, "ಅವಳು ಶೇರ್ ಮಾಡಿದ್ದಲ್ಲ. ಅವಳಿಗೆ ಬ್ರೀದ್ ಮಾಡ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ಔಟ್ ಹಾಕಿದ್ದು. ಅವಳಿಗೋಸ್ಕರ. ದಟ್ಸ್ ಚೀಟಿಂಗ್."

"ಹೋಗೋ ವಕೀಲ," ಎಂದಳು ಸುಬೈದಾ. "ಕತೆಗೆ ಕಾಲಿಲ್ಲ ಕೈಯಿಲ್ಲ, ಇವನಿಗೆ ಅದರಲ್ಲಿ ಕೋರ್ಟು." ಆದರೆ ಮಗನ ಮಾತಿಗೆ ಅವಳ ಕಣ್ಣಲ್ಲಿ ಹೆಮ್ಮೆ ಮಿಂಚಿದ್ದನ್ನು ಉಮಾವತಿ ಕಂಡಳು. ತನ್ನ ನಾಲಿಗೆಯ ತುದಿಯಲ್ಲಿ ನಿನ್ನೆಯಿಂದ ಕೂತಿದ್ದ ಮಾತನ್ನು ಈ ಹುಡುಗ ಹೊರಗೆ ಬರುವ ಮೊದಲೇ ನೋಡಿ, ಇದು ಬರಿಯ ಉಸಿರಿಗಾಗಿ ಎಂದು ಮುದ್ರೆ ಒತ್ತಿಬಿಟ್ಟನಲ್ಲ. ಇನ್ನು ಹೇಳಿದರೂ ಮೋಸ, ಹೇಳದಿದ್ದರೂ ಮೋಸ.

"ಖಲಾಸ್, ಕತೆ ಮುಗೀತು. ಉಮಕ್ಕನ ಮನೆಯಲ್ಲಿ ಟಿನ್ನಿನಲ್ಲಿ ಚಕ್ಕುಲಿ ಉಂಟು, ತಿನ್ನಿ ಹೋಗಿ. ನಾನು ಕರೆಯುವವರೆಗೆ ಯಾರೂ ಬರಬೇಡಿ," ಎಂದು ಸುಬೈದಾ ಟೇಪು ನಿಲ್ಲಿಸಿ ಮಕ್ಕಳನ್ನು ಅಟ್ಟಿದಳು. ಓಣಿಯ ನಾಲ್ಕು ಹೆಜ್ಜೆಗಳನ್ನು ಮಕ್ಕಳು ಒಂದೇ ನೆಗೆತದಲ್ಲಿ ದಾಟಿದ ಸದ್ದು ಕೇಳಿತು. ಸುಬೈದಾ ರೇಡಿಯೋವನ್ನು ಹಾಸಿಗೆಯ ಮೇಲೆ ಉಮಾವತಿಯ ಮೊಣಕಾಲಿನ ಹತ್ತಿರಕ್ಕೆ ತಳ್ಳಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು, ಉಮ್ಮನೇ ಎದುರು ಕೂತ ಹಾಗೆ. "ಈಗ ಹೇಳಿ. ತುಂಬ ಬೇಡ. ಲೇಹ ತಲುಪಿತು, ದಿನಾ ಬೆಳಿಗ್ಗೆ ಒಂದು ಚಮಚ ತಿಂತಾಳೆ, ಹಾಲು ಚೆನ್ನಾಗಿ ಉಂಟು. ಅಷ್ಟೇ." ಎರಡು ಬಟನ್ ಒಟ್ಟಿಗೆ ಒತ್ತಿದಳು. ದೀಪ ಹೊತ್ತಿತು.

ಟೇಪು ಸುತ್ತುವುದು ಪುಟ್ಟ ಗಾಜಿನೊಳಗೆ ಕಾಣುತ್ತಿತ್ತು. ಉಮಾವತಿ ಅದನ್ನು ನೋಡುತ್ತ ಕೂತಳು. "ಝುಲೈಖಮ್ಮ, ನಾನು ಉಮಾವತಿ," ಎಂದಳು. "ಸುರತ್ಕಲ್ಲಿನವಳು. ನೀವು ಅವತ್ತು ಮನೆಗೆ ಬಂದಿದ್ದಿರಿ. ನೀರು ಮಾತ್ರ ಕುಡಿದಿರಿ, ಚಾ ಬೇಡ ಅಂದಿರಿ." ಸುಬೈದಾ ತಲೆಯಾಡಿಸಿದಳು, ಸರಿ, ಮುಂದೆ. "ನೀವು ಕೊಟ್ಟ ಲೇಹ..." ಎಂದಳು. ಹಾಸಿಗೆಯ ಮೇಲೆ ಮಗು ಕೈಯನ್ನು ಎತ್ತಿ, ಗಾಳಿಯಲ್ಲಿ ಏನನ್ನೋ ಹಿಡಿದು, ಬಿಟ್ಟಿತು. "ನೀವು ಕೊಟ್ಟ ಲೇಹ ನಾನು ತರಲಿಲ್ಲ. ಯಾರೂ ತೆಗೆಸಲಿಲ್ಲ. ನಾನೇ ಬೊಂಬಾಯಿಯಲ್ಲಿ ಬಿಟ್ಟು ಬಂದೆ."

ಸುಬೈದಾಳ ಕೈ ಬಂದು ಬಟನ್ ಒತ್ತಿತು. ಟಕ್.

ಉಮಾವತಿಗೆ ತನ್ನದೇ ದನಿ ಮತ್ತೆ ಶುರುವಾದದ್ದು ಕೇಳಿಸಿತು. ಮೂರು ಕಿಲೋ ಹೆಚ್ಚಾಯಿತು ಸುಬೈದಾ, ಹಿಂದೆ ಸಾಲು, ಎಲ್ಲರೂ ನೋಡುತ್ತಿದ್ದರು, ಪಾತ್ರೆ ಮೇಲೆಯೇ ಇತ್ತು. ಅಲ್ಲಿಗೆ ನಿಂತಳು. ಎದುರಿದ್ದ ಮುಖ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅದನ್ನೇ ಹೇಳಿಬಿಡುತ್ತಿದ್ದಳೋ ಏನೋ. "ಇಲ್ಲ," ಎಂದಳು. "ಮೇಲೆ ಇರಲಿಲ್ಲ. ಅಡಿಯಲ್ಲಿತ್ತು. ಒಡೆಯಬಾರದು ಅಂತ ನಾನೇ ಎರಡು ಸೀರೆಯ ನಡುವೆ ಸುತ್ತಿ ಅಡಿಯಲ್ಲಿಟ್ಟಿದ್ದೆ. ಅಕ್ಕಿ ಮೇಲಿತ್ತು. ಅಕ್ಕಿಯ ಚೀಲವನ್ನು ಬದಿಗಿಟ್ಟು, ಸೀರೆ ಬಿಡಿಸಿ, ಅದನ್ನೇ ಹುಡುಕಿ ತೆಗೆದೆ." ಹೇಳುವಾಗಲೇ ಅದು ಅವಳಿಗೂ ಮೊದಲ ಸಲ ಕಂಡಿತು. ಆ ಅವಸರದಲ್ಲೂ ಎಷ್ಟು ನಿಧಾನವಾಗಿದ್ದವು ಆ ಕೈಗಳು. ಮೊದಲ ಸೀರೆಯ ಮಡಿಕೆ, ಎರಡನೆಯದರದು, ಆ ಬಿಳಿ ಬಟ್ಟೆ, ಅದರ ಮೇಲಿನ ಹೆಸರು. ಕೃತಿಕ್ ಹುಟ್ಟಿದ್ದು ಇದೇ ದೋಹಾದಲ್ಲಿ. ಅವಳ ಅಮ್ಮ ತೀರಿಕೊಂಡು ಆಗ ಎಂಟು ತಿಂಗಳು. ಬೋಜ ಪ್ಯಾಕೆಟಿನ ಸೂಪು ಕದಡಿ ಕೊಟ್ಟಿದ್ದ, ಪಾಪ, ಗಂಟುಗಂಟಾಗಿತ್ತು. ಯಾರ ಪೆಟ್ಟಿಗೆಯಲ್ಲೂ ಉಮಾವತಿ ಎಂದು ಹೆಸರು ಬರೆದ ಒಂದು ಪಾತ್ರೆ ಬಂದಿರಲಿಲ್ಲ. ಇದನ್ನು ಸುಬೈದಾಳಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ಕರುಣೆ ಕೇಳಿದ ಹಾಗಾಗುತ್ತಿತ್ತು.

ಸುಬೈದಾ ಮಗುವಿನ ಮೇಲಿನ ಬಟ್ಟೆ ಸರಿಮಾಡಿದಳು. ಬಹಳ ಹೊತ್ತು ಸರಿಮಾಡಿದಳು.

"ನಿಮಗೆ ಇವತ್ತು ಹೇಳಿಬಿಡಬೇಕು ಅನ್ನಿಸಿತು," ಎಂದಳು.

"ಹೂಂ."

"ಉಮ್ಮನ ಕಿವಿಗೇ ಹೇಳಿಬಿಡಬೇಕು ಅನ್ನಿಸಿತು. ಎಪ್ಪತ್ತು ವರ್ಷದ ಮುದುಕಿ ಅಲ್ಲಿ ಕೂತು ಕೇಳಲಿ ಅಂತ."

ಉಮಾವತಿ, ಅವಳು ಬೈಯಲಿ ಎಂದು ಕಾದಳು. ಬೈಗುಳ ಬಂದರೆ ತಲೆ ತಗ್ಗಿಸಬಹುದು, ಅಳಬಹುದು, ಕಾಲು ಹಿಡಿಯಬಹುದು. ಅದಕ್ಕೆಲ್ಲ ಒಂದು ಕ್ರಮವಿದೆ. ಸುಬೈದಾ ಬೈಯಲಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿದಳು, ಕೇಳಿದಳು, ಇನ್ನಷ್ಟು ಓಡಿಸಿದಳು. ಔಟ್ ಹಾಕಿದ್ದು, ದಟ್ಸ್ ಚೀಟಿಂಗ್, ಎಂದಿತು ಫಾಯಿಝನ ದನಿ ತೆಳ್ಳಗೆ, ಡಬ್ಬಿಯೊಳಗಿಂದ ಬಂದ ಹಾಗೆ. ಅಲ್ಲಿಗೆ ನಿಲ್ಲಿಸಿದಳು.

"ಬಿಸಾಡಿದಿರಾ, ಯಾರಿಗಾದರೂ ಕೊಟ್ಟಿರಾ?"

"ಕಸದ ಡಬ್ಬಿಯ ಪಕ್ಕದಲ್ಲಿಟ್ಟೆ. ಒಳಗೆ ಹಾಕಲಿಕ್ಕೆ ಮನಸ್ಸು ಬರಲಿಲ್ಲ."

"ಮುಚ್ಚಳ ತೆಗೆದಿರಾ?"

ಈ ಪ್ರಶ್ನೆ ಬರುತ್ತದೆಂದು ಅವಳು ಯಾವತ್ತೂ ಎಣಿಸಿರಲಿಲ್ಲ. ಕಣಕವನ್ನು ಉಗುರಿನಿಂದ ಕಿತ್ತದ್ದು, ಅದು ಬಿಸ್ಕತ್ತಿನಂತೆ ಪುಡಿಯಾದದ್ದು, ಕಂಬದ ಮರೆಯಲ್ಲಿ ನಿಂತದ್ದು. "ತೆಗೆದೆ," ಎಂದಳು.

"ರುಚಿ ನೋಡಿದಿರಾ?"

"ಒಂದು ಬೆರಳು."

ಸುಬೈದಾ ಕಣ್ಣೆತ್ತಿ ಮೊದಲ ಸಲ ಅವಳನ್ನು ನೇರ ನೋಡಿದಳು. ಸಿಟ್ಟು ಈಗ ಬರುತ್ತದೆ ಎಂದು ಉಮಾವತಿ ಬೆನ್ನು ಗಟ್ಟಿಮಾಡಿಕೊಂಡಳು.

"ಹೇಗಿತ್ತು?"

"ಎಂತದು?"

"ಲೇಹ. ಹೇಗಿತ್ತು, ಹೇಳಿ. ಬಿಡಿಸಿ ಹೇಳಿ."

ಉಮಾವತಿ ಕಣ್ಣು ಮುಚ್ಚಿದಳು. ನೆನಪಿಸಿಕೊಳ್ಳುವ ಕಷ್ಟವೇ ಇರಲಿಲ್ಲ. ಅದು ನಲವತ್ತೈದು ದಿನಗಳಿಂದ ನಾಲಿಗೆಯ ಮೇಲೇ ಇತ್ತು. "ಮೊದಲು ಹೊಗೆ," ಎಂದಳು. "ಸೌದೆ ಒಲೆಯ ಹೊಗೆ, ಸ್ವಲ್ಪ. ಆಮೇಲೆ ತಾಳೆಯ ಓಲೆಬೆಲ್ಲ. ಅದು ಬಾಯಿತುಂಬ ಬರ್ತದೆ. ಅದು ಇಳಿಯುವಾಗ ಮೆಂತೆಯ ಕಹಿ, ನಾಲಿಗೆಯ ಹಿಂದೆ, ಇಲ್ಲಿ. ತೆಂಗಿನಹಾಲು ಚೆನ್ನಾಗಿ ಕಾದು ಎಣ್ಣೆ ಬಿಟ್ಟಿತ್ತು. ಬೆಳ್ಳುಳ್ಳಿ ಕರಗಿತ್ತು, ಸಿಗಲಿಲ್ಲ. ಕಾಳುಮೆಣಸು ಎಲ್ಲ ಮುಗಿದ ಮೇಲೆ ಬಂತು, ಗಂಟಲಲ್ಲಿ." ತಡೆದಳು. "ಸ್ವಲ್ಪ ಉಪ್ಪು ಇತ್ತು."

"ಉಪ್ಪು?"

"ಹೂಂ. ಒಂದು ಹರಳಿನಷ್ಟು. ನನಗೇ ಆಶ್ಚರ್ಯ ಆಯ್ತು."

ಸುಬೈದಾಳ ಮುಖದ ಕಡೆ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. "ಲೇಹಕ್ಕೆ ಯಾರೂ ಉಪ್ಪು ಹಾಕುವುದಿಲ್ಲ," ಎಂದಳು ಸುಬೈದಾ ನಿಧಾನಕ್ಕೆ. "ಉಮ್ಮ ಹಾಕ್ತಾರೆ. ಅಕ್ಕಂದಿರೆಲ್ಲ ನಗಾಡ್ತಿದ್ರು. ಫಾಯಿಝನ ಬಾಣಂತನದಲ್ಲಿ ಕೈ ತಪ್ಪಿ ಜಾಸ್ತಿ ಬಿದ್ದು ನಾನು ಉಗುಳಿದ್ದೆ, ಅವರು ಎರಡು ದಿನ ಮಾತಾಡಲಿಲ್ಲ." ಆಮೇಲೆ ಬಟನ್ ಒತ್ತಿದಳು, ಉಮಾವತಿ ಹೇಳಿದ್ದು ಅಳಿಸಿಹೋಗುವ ಹಾಗೆ. ಕೆಂಪು ದೀಪ. ಬಾಯಿಯನ್ನು ಜಾಲರಿಯ ತೀರ ಹತ್ತಿರಕ್ಕೆ ತಂದಳು. ಅವರ ಬ್ಯಾರಿ ಮಾತು ಉಮಾವತಿಗೆ ಏಳು ವರ್ಷದಲ್ಲಿ ಪೂರ್ತಿ ಅರ್ಥವಾಗುವಷ್ಟು ಬಂದಿತ್ತು.

"ಉಮ್ಮಾ, ಲೇಹ ತಿಂದೆ," ಎಂದಳು ಸುಬೈದಾ. "ಬಾಯಿಗಿಟ್ಟ ಕೂಡಲೇ ನಮ್ಮ ಒಲೆಯ ಹೊಗೆ ಬಂತು. ಮೆಂತೆಯ ಕಹಿ ಈಗಲೂ ನಾಲಿಗೆಯ ಹಿಂದೆ ಉಂಟು. ಬೆಳ್ಳುಳ್ಳಿ ಎಷ್ಟು ಚೆನ್ನಾಗಿ ಕರಗಿಸಿದ್ದೀರಿ, ತೋಳು ನೋವು ಹೋಯಿತಾ? ಉಪ್ಪು ಈ ಸಲ ಹದವಾಗಿ ಬಿದ್ದಿದೆ ಉಮ್ಮಾ. ಒಂದೇ ಹರಳು. ನಾನು ಉಗುಳಲಿಲ್ಲ."

ಅವಳ ದನಿ ನಡುಗಲಿಲ್ಲ. ಅದರಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಜೋಕಟ್ಟೆಯ ಆ ಕಿವಿ ಇದನ್ನು ನಂಬುತ್ತದೆ, ಯಾಕೆಂದರೆ ಇದರಲ್ಲಿ ನಂಬದಿರುವಂಥದ್ದು ಏನೂ ಇಲ್ಲ. ಉಮಾವತಿ ತನ್ನ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ತನ್ನ ಹತ್ತಿರ ಬೇರೆ ಯಾರಲ್ಲೂ ಇಲ್ಲದ ಒಂದು ವಸ್ತು ಇತ್ತು, ಅದೂ ಈಗ ಎದುರಿನವಳ ಬಾಯಿಗೆ ಹೋಯಿತು. ಹೋದರೂ ಕಡಿಮೆಯಾಗಲಿಲ್ಲ, ಅಲ್ಲೇ ಇತ್ತು, ಕಹಿಯೂ ಸಿಹಿಯೂ.

"ಇನ್ನೂ ಸ್ವಲ್ಪ ಉಳಿದಿದೆ ಉಮ್ಮಾ," ಎಂದಳು ಸುಬೈದಾ, ಆ ಮುಚ್ಚಿದ ಕೈಯನ್ನು ನೋಡುತ್ತ. "ಒಂದು ಬೆರಳಿನಷ್ಟು. ಬೇಗ ಮುಗಿಸುವುದಿಲ್ಲ." ಟಕ್.

ಕರೆಗಂಟೆಯ ಸದ್ದಾಯಿತು. ಸುಬೈದಾ ಕ್ಯಾಸೆಟನ್ನು ಹೊರತೆಗೆದು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಹಾಸಿಗೆಯ ಮೇಲೆ ಇಬ್ಬರ ನಡುವೆ ಇಟ್ಟಳು. ಬಾಣಂತಿ ಪರಪುರುಷರ ಮುಂದೆ ಹೋಗುವಂತಿರಲಿಲ್ಲ. ಉಮಾವತಿ ಎತ್ತಿಕೊಂಡು ಎದ್ದಳು.

ಅಬೂಬಕರ್ ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ, ಒಂದು ಕೈಯಲ್ಲಿ ಇನ್ಯಾರದೋ ಮನೆಯ ಎರಡು ಪೊಟ್ಟಣ ಹಿಡಿದು ನಿಂತಿದ್ದರು. "ಇನ್ನೇನಾದರೂ ಉಂಟಾ ಸುಬೈದಾ?" ಎಂದು ಒಳಗೆ ಕೇಳುವಂತೆ ದನಿ ಎತ್ತಿದರು. "ಬರುವಾಗ ಉಮ್ಮನ ಹತ್ತಿರ ಎಂತಾದರೂ ತರಬೇಕಾ? ಸಂಕೋಚ ಬೇಡ."

"ಎಂತ ಬೇಡ ಕಾಕ," ಒಳಗಿನಿಂದ ಉತ್ತರ ಬಂತು, ಎಂದಿನದೇ ದನಿ. "ಉಮ್ಮನಿಗೆ ಹೇಳಿ, ಯಾರ ಕೈಯಲ್ಲೂ ಎಂತದೂ ಕಳಿಸುವುದು ಬೇಡ ಅಂತ. ಪಾಪ, ತರುವವರಿಗೆ ಕಷ್ಟ."

"ಅದೆಂತ ಕಷ್ಟ," ಅವರು ನಕ್ಕರು. ಉಮಾವತಿ ಕ್ಯಾಸೆಟನ್ನು ಚಾಚಿದಳು. ಅವರು ಹಿಡಿದು ಅಂಗೈಯಲ್ಲಿ ತೂಗುವ ಹಾಗೆ ಒಮ್ಮೆ ಆಡಿಸಲು ನೋಡಿದರು. "ಇಷ್ಟೇಯಾ? ಇದಕ್ಕೆ ಭಾರವೇ ಇಲ್ಲವಲ್ಲ ಅಕ್ಕ."

ಪೆಟ್ಟಿಗೆಯ ಒಂದು ತುದಿ ಅವರ ಬೆರಳುಗಳಲ್ಲಿತ್ತು, ಇನ್ನೊಂದು ತುದಿ ಅವಳದರಲ್ಲಿ. ಅವರು ಮೆಲ್ಲಗೆ ಎಳೆದರು. ಅದು ಬರಲಿಲ್ಲ. ಎದುರಿನ ಬಾಗಿಲಿನೊಳಗೆ ಮಕ್ಕಳು ಚಕ್ಕುಲಿ ಮುರಿಯುವ ಸದ್ದು, ಹಿಂದೆ ಆ ಕಟ್ಟಿದ ಮೂಗಿನ ಎ.ಸಿ. ಅಬೂಬಕರ್ ಅವಳ ಮುಖ ನೋಡಿದರು.

"ಕೊಡಿ ಉಮಕ್ಕ," ಎಂದಳು ಸುಬೈದಾ ಒಳಗಿನಿಂದ. "ಕೊಟ್ಟುಬಿಡಿ."